ನಾಲ್ಕು ದೆವ್ವಕ್ಕೆ ಒಂದು ಗಂಟಲು

ಗಾಜಿನಾಚೆ ಶಬ್ದದ ಇಂಜಿನಿಯರ್ ಬಿಸ್ಕತ್ತು ಕಡಿಯುತ್ತಿದ್ದಾನೆ, ಸದ್ದಿಲ್ಲ, ದವಡೆ ಅಲ್ಲಾಡುವುದಷ್ಟೇ ಕಾಣುತ್ತದೆ — ಸತ್ತವರಿಗೆ ಉಸಿರಿಲ್ಲ ಅಂದಮೇಲೆ ದೆವ್ವದ ಮಾತು ಎಲ್ಲಿಂದ ಹೊರಡಬೇಕು, ಇಷ್ಟು ವರ್ಷ ಡಬ್ಬಿಂಗ್ ಮಾಡಿಯೂ ಇದು ಹೊಳೆದಿರಲಿಲ್ಲವಲ್ಲ. ಏಷ್ಯಾದ ನಾಲ್ಕು ದೇಶ, ನಾಲ್ವರು ನಿರ್ದೇಶಕರು, ನಾಲ್ಕು ಕಥೆ, ಎಲ್ಲ ಸೇರಿ ಒಂದೇ ಸಿನಿಮಾ, ನಮ್ಮ ಭಾಷೆಯಲ್ಲಿ ನಾಲ್ಕು ದೆವ್ವಕ್ಕೂ ಗಂಟಲು ನನ್ನದೊಂದೇ, ನಾಲ್ಕೂ ಇಲ್ಲೇ ಸಂಸಾರ ಹೂಡಿಬಿಟ್ಟರೆ ಮನೆಗೆ ಹೋಗಿ ಗಂಡನ ಹತ್ತಿರ ಮಾತಾಡುವವರು ಯಾರೋ. ಮೊದಲನೆಯ ನಿರ್ದೇಶಕ ಚೀಟಿಯಲ್ಲಿ ಬರೆದಿದ್ದ, ಉಸಿರನ್ನು ಒಳಗೆಳೆಯುತ್ತಲೇ ಮಾತಾಡಿ, ಮಾತಾಡಿದೆ, ತಲೆ ಗಿರ್ರೆಂದಿತು. ಎರಡನೆಯವಳಿಗೆ ಲಿಫ್ಟಿನಲ್ಲಿ ನಗುವ ಬೊಚ್ಚುಬಾಯಿಯ ಮುದುಕಿ ಬೇಕಿತ್ತು, ತುಟಿ ಒಳಗೆ ಮಡಚಿ ನಕ್ಕೆ, ಅಯ್ಯೋ ಸಾಕು ತಾಯಿ, ಅಂದ ಇಂಜಿನಿಯರ್. ಮೂರನೆಯವನ ಚೀಟಿಯಲ್ಲಿ ಒಂದೇ ಸಾಲು, ಹೆದರಿಸಬೇಡಿ, ಊಟಕ್ಕೆ ಕರೆಯಿರಿ. ಸತ್ತ ತಾಯಿ ಅಡುಗೆಮನೆಯಿಂದ ಮಗನನ್ನು ಕೂಗುತ್ತಾಳಂತೆ, ಅದರಲ್ಲೇನು ಭಯ, ಅಂದುಕೊಂಡೇ ಬಾಯಿ ತೆರೆದೆ, ಬಾರೋ, ತಟ್ಟೆ ಹಾಕಾಯ್ತು — ತಾಳು, ಇದು ಯಾರು. ಬಾರೋ ಅನ್ನುವುದು ತುದಿಯಲ್ಲಿ ಒಡೆಯಿತು, ನನ್ನ ದನಿ ಒಡೆಯುವುದಿಲ್ಲ, ಅಮ್ಮನದು ಒಡೆಯುತ್ತಿತ್ತು. ಅವಳ ದನಿ ಇದ್ದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ, ಅವಳು ಹೋದ ಮರುವರ್ಷ ಒಂಬತ್ತರ ನಾನು ಅದರ ಮೇಲೆ ನಾಯಿ ಬೊಗಳುವ ನಕಲು ತುಂಬಿಸಿದ್ದೆ, ಅಣ್ಣ ಬಟನ್ ಒತ್ತಿದ, ಬೌ ಬೌ ಅಂತು. ಬಯ್ಯಲಿಲ್ಲ, ಹೊಡೆಯಲಿಲ್ಲ, ಎದ್ದು ಹೋದ, ಅಲ್ಲಿಂದೀಚೆ ಮೂವತ್ತು ವರ್ಷ, ಚೆನ್ನಾಗಿದೀಯಾ, ಮಕ್ಕಳು ಹೇಗಿದಾರೆ, ಅದರಾಚೆ ಒಂದು ಮಾತಿಲ್ಲ. ಇಷ್ಟು ದಿನ ಈ ದನಿ ಗಂಟಲಿನ ಯಾವ ಮೂಲೆಯಲ್ಲಿ ಕೂತಿತ್ತು, ನನಗೆ ಅವಳ ವಯಸ್ಸಾಗಲಿ ಎಂದು ಕಾಯುತ್ತಿತ್ತೇ, ಮೂವತ್ತೊಂಬತ್ತಕ್ಕೇ ಹೋದವಳು. ಅಣ್ಣನಿಗೆ ಫೋನ್ ಹಚ್ಚಿದೆ, ಏನೇ, ಆಫೀಸಲ್ಲಿದೀನಿ, ಅಂದ, ಒಂದು ಕೇಳಿಸ್ತೀನಿ, ಸುಮ್ನೆ ಕೇಳು, ಹೆಡ್‌ಫೋನ್ ಕಳಚಿ ಫೋನಿಗೆ ಒತ್ತಿ ಹಿಡಿದು ಇಂಜಿನಿಯರ್‌ಗೆ ಈಗಿನದನ್ನೇ ಮತ್ತೆ ಹಾಕು ಎಂದು ಕೈಸನ್ನೆ ಮಾಡಿದೆ. ಅವನ ಪರದೆಯ ಮೇಲೆ ದನಿಯ ಹಸಿರು ಗೆರೆ ಹೊರಟಿತು, ಬಾರೋ ಎಂಬಲ್ಲಿ ಉಬ್ಬಿತು, ತುದಿಯಲ್ಲಿ ಸೀಳಿ ಎರಡಾಯಿತು, ಮಲಗಿತು. ಫೋನಿನಲ್ಲಿ ಅಣ್ಣನ ಹಿಂದೆ ಯಾರೋ ಸಾರ್, ಒಂದು ಸಹಿ, ಅನ್ನುತ್ತಿದ್ದರು. ಎಲ್ಲಿತ್ತೇ ಇದು, ಅಂದ. ನನ್ ಹತ್ರಾನೇ ಕಣೋ, ಗೊತ್ತಿರ್ಲಿಲ್ಲ, ಅಣ್ಣಾ, ಆವತ್ತು ನಾನು — ಅದು ಬಿಡು, ಇನ್ನೊಂದ್ಸಲ ಹಾಕು. ಹಾಕಿಸಿದೆ. ಬಂದೆ, ಅಂದ ಅಣ್ಣ, ನನಗಲ್ಲ, ಸಹಿ ಕೇಳುತ್ತಿದ್ದವರಿಗೂ ಅಲ್ಲ. ಇಂಜಿನಿಯರ್ ನಾಲ್ಕು ಬೆರಳು ತೋರಿಸುತ್ತಿದ್ದಾನೆ, ನಾಲ್ಕನೆಯ ದೆವ್ವ ಕಾಯುತ್ತಿದೆಯಂತೆ, ಅದಕ್ಕೆ ಎಂಥ ದನಿ ಬೇಕೋ, ಕಾಯಲಿ, ಹಸಿರು ಗೆರೆ ಮತ್ತೆ ಹೊರಟಿದೆ, ಉಬ್ಬುತ್ತದೆ, ಸೀಳುತ್ತದೆ, ಇನ್ನೊಂದ್ಸಲ, ಉಬ್ಬುತ್ತದೆ, ಅಗೋ ಅಲ್ಲಿ, ತುದಿಯಲ್ಲಿ, ಆ ಸೀಳು —