ತಲೆಕೆಳಗಾದ ಐದನೇ ರೀಲು

ಪ್ರೊಜೆಕ್ಟರ್ ಕೋಣೆಯ ಕಿಂಡಿಯ ಗಾಜಿನ ಮೇಲೊಂದು ನೊಣ, ಅದರಾಚೆ ಪರದೆಯಲ್ಲಿ ಕೋಟು ತೊಟ್ಟ ಮೇಕೆ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು ದಿನಪತ್ರಿಕೆ ಮೇಯುತ್ತಿದೆ, ಆರು ನಿಮಿಷದಿಂದ ಮೇಯುತ್ತಲೇ ಇದೆ, ಮೇಯಲಿ, ನೋಡುವವರಿಗೆ ಬೇಸರವಾದರೆ ಅದು ಅವರ ಕರ್ಮ ಎನ್ನುವುದು ನಿರ್ದೇಶಕ ತಮ್ಮನ ಸಿದ್ಧಾಂತ, ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸಿತಂತೆ — ನೊಣವನ್ನು ಯಂತ್ರ ನಡೆಸುವ ಅಣ್ಣ ಓಡಿಸಲಿಲ್ಲ, ಕೈ ಎರಡನೇ ಯಂತ್ರದ ಮೇಲಿತ್ತು, ಅದರಲ್ಲಿ ಐದನೇ ರೀಲು, ಕೊನೆಯದು, ಚಿಕ್ಕದು, ಅದರಲ್ಲಿ ಇವರಿಬ್ಬರ ಅಮ್ಮ. ಓಡಿ ಮುಗಿದ ರೀಲನ್ನು ಹಿಂದಕ್ಕೆ ಸುತ್ತದೆ ಏರಿಸಿದರೆ ಚಿತ್ರ ತಲೆಕೆಳಗಾಗಿ, ಕೊನೆಯಿಂದ ಮೊದಲಿಗೆ ಓಡುತ್ತದೆ, ಮಾತು ಕೇಳಿಸುವುದೇ ಇಲ್ಲ; ಇಪ್ಪತ್ತೆಂಟು ವರ್ಷ ರೀಲು ಓಡಿಸಿದವನು ಒಮ್ಮೆಯೂ ಮಾಡದ ತಪ್ಪು, ಇವತ್ತು ಬೇಕೆಂದೇ ಮಾಡುತ್ತಾನೆ. ಕೆಳಗೆ ಮುಂದಿನ ಸಾಲಿನಲ್ಲಿ ತಮ್ಮ, ಕಾಲ ಮೇಲೆ ಕಾಲು, ಪಕ್ಕದಲ್ಲಿ ಬಹುಮಾನ ಕೊಡುವ ದೊಡ್ಡವರು. ಅವರೆದುರಿಗೇ ಮಾನ ಹೋಗಲಿ, ಮಾಡಿದ್ದುಣ್ಣೋ ಮಹಾರಾಯ.

ಅಮ್ಮನ ನೆನಪಿಗಿರಲಿ ಅಂತ ತೆಗೀತಿದೀನಿ ಅಣ್ಣ, ಯಾರಿಗೂ ತೋರಿಸಲ್ಲ — ಹಾಗಂದಿದ್ದ, ಅಮ್ಮ ಎಲ್ಲರನ್ನೂ ಮರೆತಿದ್ದ ಕೊನೆಯ ವರ್ಷ, ಅಡುಗೆಮನೆಯ ಮೇಜು, ಇವನು ಚಮಚ ಹಿಡಿದು ‘ಆ’ ಅನ್ನು ಅಮ್ಮ, ಒಂದೇ ಒಂದು ತುತ್ತು, ಅಮ್ಮ ನಕ್ಕು ಇವನ ಕೆನ್ನೆಗೆ ಕೈಯಿಟ್ಟಳು, ಎಂಟು ತಿಂಗಳಲ್ಲಿ ಮೊದಲ ಸಲ, ಗುರುತು ಹಿಡಿದಳಲ್ಲ ಅಂತ ಇವನ ಎದೆ ತುಂಬಿ ಬಂತು, ತಮ್ಮ ಗಡಿಬಿಡಿಯಲ್ಲಿ ಕ್ಯಾಮೆರಾ ಒತ್ತಿದ, ಅದು ಓಡತೊಡಗಿದ ಮರುಕ್ಷಣವೇ ನಗು ಆರಿತು, ಕೈ ಕೆಂಡ ಮುಟ್ಟಿದಂತೆ ಹಿಂದೆ ಸರಿಯಿತು, ಯಾರಪ್ಪಾ ನೀನು? ನಿನ್ನೆಯ ಪ್ರದರ್ಶನದಲ್ಲಿ ಆ ಮಾತಿಗೆ ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಕೆಗೆ ನಗದವರು ಅಮ್ಮನಿಗೆ ನಕ್ಕರು. ಉರಿಯುವ ಮನೆಯಲ್ಲಿ ಗಳ ಹಿರಿದ ಪಾಪಿ. ಕೇಳಿದ್ದಕ್ಕೆ, ಕಲೆ ನಿಂಗೆ ಅರ್ಥ ಆಗಲ್ಲ ಬಿಡಣ್ಣ, ನೀನು ರೀಲು ಓಡಿಸು ಸಾಕು. ಓಡಿಸ್ತೀನಿ ಕಣೋ, ಹೇಗೆ ಓಡಿಸ್ತೀನಿ ನೋಡ್ತಿರು.

ಮೇಕೆ ಹೋಯಿತು, ಎರಡನೇ ಯಂತ್ರದ ಸನ್ನೆ ಎಳೆದ, ಅಮ್ಮ ಬಂದಳು, ತಲೆ ಕೆಳಗೆ, ತುಟಿ ಅಲುಗಿತು, ಮಾತಿಲ್ಲ, ಈಗ ಕೂಗುತ್ತಾರೆ, ಈಗ ಶಿಳ್ಳೆ ಹೊಡೆಯುತ್ತಾರೆ ಎಂದು ಹಲ್ಲು ಕಚ್ಚಿ ಕಾದ — ಸರಿದ ಕೈ ಮೆಲ್ಲಗೆ ಹಿಂದಿರುಗಿತು, ಕೆನ್ನೆ ಹುಡುಕಿತು, ಕೂತಿತು, ಅಮ್ಮನ ಮುಖದಲ್ಲಿ ನಗು ಹುಟ್ಟಿತು, ಅಲ್ಲಿಗೆ ರೀಲು ಮುಗಿಯಿತು. ಯಾರೂ ನಗಲಿಲ್ಲ. ಆಮೇಲೆ ಚಪ್ಪಾಳೆ, ಎದ್ದು ನಿಂತು ಚಪ್ಪಾಳೆ, ಮೆಟ್ಟಿಲಿನ ಮೇಲೆ ದಡದಡ ಹೆಜ್ಜೆ, ಬಾಗಿಲಲ್ಲಿ ತಮ್ಮ, ಕಣ್ಣು ಒದ್ದೆ, ಅಣ್ಣಾ ಏನು ತಲೆ ನಿಂದು, ನಾನೇ ಹೀಗೆ ಮಾಡಿಸಿದ್ದು ಅಂತ ಹೇಳ್ಬಿಟ್ಟೆ, ನಾಳೆ ಪತ್ರಿಕೆಯವರೆಲ್ಲ ಬರ್ತಾರೆ, ಹೀಗೇ ಹಾಕು, ಕೈಮುಗೀತೀನಿ.

ಹೋದ. ಅಬ್ಬಾ, ಇದನ್ನೂ ಕಬಳಿಸಿದ. ಆದರೆ ಉಲ್ಟಾ ಓಡಿದ ರೀಲು ಈಗ ತಾನಾಗಿಯೇ ಸರಿಯಾಗಿದೆ, ಇವನು ಏನೂ ಮಾಡಬೇಕಿಲ್ಲ, ಹಿಂದಕ್ಕೆ ಸುತ್ತಿದರಷ್ಟೇ ಮತ್ತೆ ಉಲ್ಟಾ, ಸುತ್ತದೆ ಹಾಗೇ ಏರಿಸಿದರೆ ನಾಳೆ ಪತ್ರಿಕೆಯವರೆದುರು ಸುಳ್ಳುಗಾರನ ಬಣ್ಣ ಬಯಲು, ಅಮ್ಮ ಕೈ ತೆಗೆಯುತ್ತಾಳೆ, ಯಾರಪ್ಪಾ ನೀನು ಅನ್ನುತ್ತಾಳೆ, ಜನ ನಗುತ್ತಾರೆ — ನಗಲಿ, ಅವನು ಸಾಯಲಿ ನಾಚಿಕೆಯಿಂದ, ಸುಮ್ಮನಿರು, ಮುಟ್ಟಬೇಡ, ಸುಮ್ಮನಿದ್ದರೆ ಸೇಡು ತೀರಿತು — ಆದರೆ ರೀಲು ಸುತ್ತುವ ಹಿಡಿ ಕೈಯಲ್ಲಿದೆ, ಯಾವಾಗ ಹಿಡಿದನೋ, ತಿರುಗುತ್ತಿದೆ, ಹಿಂದಕ್ಕೆ, ಹಿಂದಕ್ಕೆ, ಆ ಕೈ ಬರುತ್ತಿದೆ, ಕೆನ್ನೆಯ ಮೇಲೆ ಅಮ್ಮನ ಕೈ, ತಲೆಕೆಳಗಾದ ಕೈ, ಕೆನ್ನೆಯ ಮೇಲೆ, ಕೆನ್ನೆಯ ಮೇಲೆ