ಡಾಕ್ಟರಮ್ಮ ಕೇಳಿದ ಪ್ರಶ್ನೆ

"ಗಂಡನ ಜೊತೆ ಸಂಪರ್ಕ ಇದೆಯಾ?" ಎಂದು ಡಾಕ್ಟರಮ್ಮ ತಲೆಯೆತ್ತದೆ ಕೇಳಿದಾಗ, ಪರದೆಯಾಚೆ ಕುರ್ಚಿ ಕಿರ್ರೆಂದದ್ದು ಅವಳಿಗೆ ಕೇಳಿಸಿತು. ಅಲ್ಲಿ ಮಗ ಕೂತಿದ್ದ.

"ಅವರು ತೀರಿಹೋಗಿ ಎಷ್ಟೋ ವರ್ಷ ಆಯ್ತು, ಡಾಕ್ಟ್ರೇ."

"ಸರಿ. ಎಲ್ಲರಿಗೂ ಕೇಳೋ ಪ್ರಶ್ನೆ ಇದು, ತಪ್ಪು ತಿಳ್ಕೋಬೇಡಿ. ಮೂತ್ರದ ಸೋಂಕು, ಹೆಂಗಸರಿಗೆ ತೀರಾ ಮಾಮೂಲು. ನೀರು ಕಡಿಮೆ ಕುಡೀತೀರಾ?"

ಅವಳಿಗೆ ನಗು ಬಂತು. ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂರುವವಳು ನೀರು ಕುಡಿದರೆ ಕೆಟ್ಟಳು. ನಡುವೆ ಎದ್ದರೆ ಸಾಲು ಕೂಗಾಡುತ್ತದೆ. ಎದ್ದರೂ ಹೆಂಗಸರ ಪಾಯಿಖಾನೆ ಇರುವುದು ಜನರೇಟರಿನ ಹಿಂದೆ, ಅದರ ಬೀಗದಕೈ ಮ್ಯಾನೇಜರನ ಜೇಬಿನಲ್ಲಿ.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. "ಉರಿ ಬೇಗ ಹೋಗುತ್ತೆ. ಹೋಯ್ತು ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ, ಪೂರ್ತಿ ಮುಗಿಸಿ."

ಮಗ ಮೆಡಿಕಲ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಕೊಟ್ಟ ಮಾತ್ರೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದನಿ ತಗ್ಗಿಸಿದ. "ಇದನ್ನ... ಎಂಥೋರಿಗೆ ಕೊಡ್ತಾರೆ?"

"ಎಂಥೋರಿಗೆ ಅಂದ್ರೆ? ಉರಿಮೂತ್ರ ಇರೋರಿಗೆ. ಹೋದ ತಿಂಗಳು ನಮ್ಮಜ್ಜಿಗೂ ಇದನ್ನೇ ಕೊಟ್ಟಿದ್ರು" ಎಂದು ಅಂಗಡಿಯವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಸ್ಕೂಟರಿನ ಪಕ್ಕದಲ್ಲೇ ಇದ್ದ ಅವಳು ಚೀಲದ ಹಿಡಿಯನ್ನು ತಿರುಚುತ್ತ ನಿಂತಳು. ಮಗನ ಮುಖ ನೋಡಲು ಅವಳಿಗೇ ನಾಚಿಕೆಯಾಯಿತು.

ಮನೆಯಲ್ಲಿ ಸೊಸೆ ತನ್ನ ಸೋಪು, ಟವೆಲ್ಲುಗಳನ್ನು ಬಚ್ಚಲಿನಿಂದ ಎತ್ತಿಕೊಂಡು ಹೋದಳು. ಮಾತ್ರೆಗಳು ಮಾತ್ರ ತಮ್ಮ ಕೆಲಸ ಮಾಡಿದವು. ಉರಿ ಇಳಿಯಿತು, ಒಂದೂ ಬಿಡದೆ ಎಲ್ಲವನ್ನೂ ನುಂಗಿದಳು. ಅಷ್ಟರಲ್ಲಿ ಮಗ ದಿನಾ ಸಂಜೆ ಚಿತ್ರಮಂದಿರದ ಎದುರು ಬಂದು ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದ. ಒಂದು ಸಂಜೆ ಟಿಕೆಟ್ ಹರಿದು ಒಳಗೆ ಬಿಡುವ ಗೇಟಿನವನು ಎಂದಿನಂತೆ ಅವಳ ಕಿಂಡಿಯಲ್ಲಿ ಟೀ ಲೋಟ ಇಟ್ಟು ಏನೋ ಹೇಳಿ ನಗಿಸಿದ್ದನ್ನು ನೋಡಿದ.

"ಇನ್ಮೇಲೆ ಕೆಲಸಕ್ಕೆ ಹೋಗ್ಬೇಡಮ್ಮ" ಎಂದ, ಊಟಕ್ಕೆ ಕೂತಾಗ.

"ಯಾಕೋ?"

"ಡಾಕ್ಟ್ರು ಸುಮ್‌ಸುಮ್ನೆ ಕೇಳ್ತಾರಾ?"

"ನಿನ್ನ ಹೆಂಡ್ತಿಗೆ ಇದೇ ಕಾಯಿಲೆ ಬಂದಿದ್ರೆ ಯಾರನ್ನ ಹುಡುಕ್ಕೊಂಡು ಹೋಗ್ತಿದ್ದೆ?"

"ಅವಳಿಗೆ ನಾನಿದೀನಿ."

ಸೊಸೆ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದಳು.

ಮರುದಿನ ಹಟ ಹಿಡಿದು ಕೆಲಸಕ್ಕೆ ಹೋದಳು. ಆದರೆ ಗೇಟಿನವನು ಲೋಟ ತಂದಾಗ ಟಿಕೆಟ್ ಕಟ್ಟಿನಿಂದ ಕಣ್ಣೆತ್ತಲಿಲ್ಲ. "ಅಣ್ಣಾ, ಇನ್ಮೇಲೆ ಟೀ ತರ್ಬೇಡಿ."

"ಯಾಕಮ್ಮ, ಸಕ್ಕರೆ ಜಾಸ್ತಿ ಆಯ್ತಾ?"

"ಹೂಂ" ಎಂದಳು. ಆತ ಲೋಟ ವಾಪಸ್ ಎತ್ತಿಕೊಂಡು ಹೊರಟುಹೋದ.

ಚಳಿಗಾಲದಲ್ಲಿ ಉರಿ ಮರಳಿ ಬಂತು, ಈ ಸಲ ನಡುಕದ ಜೊತೆಗೆ. ಡಾಕ್ಟರಮ್ಮನ ಹತ್ತಿರ ಹೋಗಲು ಮಗನ ಸ್ಕೂಟರೇನೂ ಬೇಕಿರಲಿಲ್ಲ, ನಡೆದೇ ಹೋಗಬಹುದಿತ್ತು. ಆದರೆ ಮಾತ್ರೆಗಳನ್ನು ಆ ಮನೆಯಲ್ಲಿ ಎಲ್ಲಿ ಬಚ್ಚಿಡುವುದು? ಬಚ್ಚಲಿನ ಬಾಗಿಲು ಹಾಕಿಕೊಂಡು, ನರಳಿಕೆ ಹೊರಗೆ ಕೇಳದಿರಲೆಂದು ನಲ್ಲಿಯನ್ನು ಪೂರಾ ತಿರುಗಿಸಿ ಕೂತಳು.

"ಅಮ್ಮಾ, ನೀರು ಸುಮ್ನೆ ಹರೀತಾ ಇದೆ ನೋಡು" ಎಂದು ಮಗ ಹೊರಗಿನಿಂದ ಕೂಗಿದ.

ಅವಳು ನಲ್ಲಿ ನಿಲ್ಲಿಸಿದಳು. ಟವೆಲ್ಲಿನ ತುದಿಯನ್ನು ಮುದ್ದೆ ಮಾಡಿ, ಹಲ್ಲುಗಳ ನಡುವೆ ಇಟ್ಟುಕೊಂಡಳು.