ಅಯ್ಯಾರ ಪಥ್ಯ

ಊಟ ಬಲ್ಲವನಿಗೆ ರೋಗ ಇಲ್ಲ ಅಂತ ಹಿರ್ಯಾರು ಹೇಳ್ತಾರ. ಹೇಳ್ಲಿ ಬಿಡ್ರಿ, ಹೇಳಾಕ ಅವರದೇನ ಹೋಗತೈತಿ! ಊಟಾ ಮಾಡೂದ ಒಬ್ಬರ ಕಾಯಕ ಆದ್ರ ಅವರು ಏನ ಮಾಡಬೇಕು ಅಂತ ಆ ಹಿರ್ಯಾರೊಳಗ ಒಬ್ಬರೂ ಹೇಳಿ ಸತ್ತಿಲ್ಲ.

ದೇಗಾಂವದ ಶಿವಲಿಂಗಯ್ಯನವರ ಕಾಯಕ ಅದ ಇತ್ತು. ಜಂಗಮರ ಮನಿತನ. ಊರಾಗ ಯಾರ ಮನ್ಯಾಗ ಮದಿವಿ ಆಗ್ಲಿ, ತೊಟ್ಟಲಾ ಆಗ್ಲಿ, ಸತ್ತವರ ದಿನಾ ಆಗ್ಲಿ, ಮೊದಲ ಅಯ್ಯಾರು ಬರಬೇಕು. ಅವರ ಪಾದ ತೊಳದು ವಿಭೂತಿ ಹಚ್ಚಿ ಪೂಜಿ ಮಾಡಬೇಕು. ಅವರು ಮಣಿ ಮ್ಯಾಲೆ ಕುಂತು ಲಿಂಗಪೂಜಿ ಮುಗಿಸಿ, ಪ್ರಸಾದ ತಗೊಂಡ ಮ್ಯಾಲೇನ ಮನಿ ಮಂದಿ ಉಣ್ಣೂದು. ಕೂಸು ಹಸದು ಚಿಟ್ಟನ ಚೀರಿದ್ರೂ ಹಂಗ. ಇನ್ನ ಅಯ್ಯಾರಿಗೆ ಸಾಕನ್ನೂ ಹಂಗಿಲ್ಲ, ತಾಟಿನ್ಯಾಗ ಬಿಡೂ ಹಂಗಂತೂ ಇಲ್ಲೇ ಇಲ್ಲ. ಬಿದ್ದದ್ದಷ್ಟೂ ಉಂಡು, ತಾಟು ತೊಳದು, ಆ ನೀರೂ ಕುಡೀಬೇಕು. ಶ್ರಾವಣ ಸೋಮವಾರ ಬಂತಂದ್ರ ಕೇಳಬ್ಯಾಡ್ರಿ. ಈ ಮನ್ಯಾಗ ಗೋದಿ ಹುಗ್ಗಿ, ಆ ಮನ್ಯಾಗ ಹೋಳಿಗಿ, ಮುಂದಿನ ಮನ್ಯಾಗ ಮಾದಲಿ ಮ್ಯಾಲೆ ತುಪ್ಪದ ಕೆರಿ. ಒಂದ ಮನಿ ತಪ್ಪಿಸಿದ್ರ ಆ ಮನಿ ಯಜಮಾನ "ನಾವೇನ ಪಾಪ ಮಾಡೇವ್ರಿ ಅಯ್ಯಾರ?" ಅಂತ ಇವರ ಮನಿ ಕಟ್ಟಿ ಮ್ಯಾಲೆ ಬಂದು ಕುಂದರಾಂವ.

ಅಂಥವರಿಗೆ ಸಕ್ಕರಿ ಬ್ಯಾನಿ ಹತ್ತಿತು. ಹತ್ತದ ಏನ ಮಾಡೀತು?

ಅವರ ಹೆಂಡ್ತಿ ರಾಜೇಶ್ವರಿ ರಾಮದುರ್ಗದಾಕಿ. ಬಾಯಿ ಜೋರು, ಕರಳು ಮೆತ್ತಗ. ಗಂಡಗ ಹೊಸಾ ಚಪ್ಪಲಿ ಕಚ್ಚಿ ಬಲಗಾಲಿನ ಬೆರಳಿಗೆ ಗಾಯ ಆದಾಗ ಅರಿಶಿಣ ಹಚ್ಚಿದ್ಲು, ಎಣ್ಣಿ ಹಚ್ಚಿದ್ಲು, ಹರಕಿ ಹೊತ್ಲು. ಗಾಯ ಯಾವದಕ್ಕೂ ಜಗ್ಗಲಿಲ್ಲ, ಬೆರಳು ಕರ್ರಗಾತು. ಬೆಳಗಾವಿಗೆ ಒಯ್ದು ಆ ಬೆರಳು ತಗಸಿಕೊಂಡು ಬಂದ್ರು. ಆಮ್ಯಾಲೆ ಬೈಲಹೊಂಗಲದ ಡಾಕ್ಟರಬಾಯಿ ಕಡೆ ಹೋದ್ರ ಆಕಿ ಮುಚ್ಚುಮರಿ ಮಾಡಲಿಲ್ಲ. "ಹಿಂಗ ಉಣಕೋತ ಹೋದ್ರ ನಾಳೆ ಪಾದ ಹೋಗತೈತ್ರಿ, ನಾಡದು ಕಾಲ. ಅನ್ನ, ಗೋದಿ, ಸಿಹಿ ಬಂದ್ ಮಾಡ್ರಿ. ರೊಟ್ಟಿ ಹೊತ್ತಿಗೊಂದ. ತಪ್ಪಲಪಲ್ಲೆ, ಮೊಳಕಿಕಾಳು, ಸೌತಿಕಾಯಿ, ಮಜ್ಜಿಗಿ, ಇವು ಹೊಟ್ಟಿ ತುಂಬ್ಲಿ," ಅಂದು ಸಕ್ಕರಿ ಇಳಸೂ ಜೋರ ಗುಳಿಗಿ ಬರಕೊಟ್ಲು. ಇವರು ಎದ್ದು ಹೊಂಟಾಗ ಹಿಂದಿನಿಂದ ಮತ್ತ ಹೇಳಿದ್ಲು: "ಊಟಾ ಖರೇನ ಕಮ್ಮಿ ಆತಂದ್ರ ಲಗೂನ ಬಂದು ತೋರಸ್ರಿ. ಗುಳಿಗೀನೂ ಕಮ್ಮಿ ಮಾಡಬೇಕಾಗತೈತಿ."

ರಾಜೇಶ್ವರಿ ಹೂಂ ಅಂತ ಗೋಣು ಹಾಕಿದ್ಲು. ಆಕಿ ಕಿವ್ಯಾಗ ಉಳದದ್ದು ಒಂದ ಮಾತು, ಪಾದ ಹೋಗತೈತಿ ಅನ್ನೂದು. ಜಂಗಮರ ಪಾದ ಅಂದ್ರ ಸಣ್ಣ ಮಾತೇನ್ರಿ? ಊರಿಗೆ ಊರ ಬಗ್ಗಿ ಹಣಿ ಹಚ್ಚೂ ಪಾದ. ಅದ ಹೋದ ಮ್ಯಾಲೆ ಆ ಮನಷ್ಯಾ ಬದುಕಿದ್ರೂ ಬದುಕಿದಂಗಲ್ಲ ಅಂತ ಆಕಿಗೆ ಚೆಂದಗೆ ಗೊತ್ತಿತ್ತು.

ಮನ್ಯಾಗ ಪಥ್ಯ ಸುರು ಆತು. ಮೊಬೈಲ್ ನೋಡಿ ಕಲತು ಹೆಸರಕಾಳು ಮೊಳಕಿ ಬರಿಸಿದ್ಲು, ಮೆಂತೆಪಲ್ಲೆ ಹೆಚ್ಚಿ ಪಚಡಿ ಮಾಡಿದ್ಲು, ಪುಂಡಿಪಲ್ಲ್ಯಾಗ ನುಚ್ಚು ಹಾಕೂದ ಬಿಟ್ಲು. ಯಾವುದರಾಗ ಎಷ್ಟ ಕ್ಯಾಲರಿ ಅನ್ನೂದು ರಾಮದುರ್ಗದ ಪ್ಯಾಟಿ ದರಾ ಹೇಳಿದಂಗ ಹೇಳಾಕ ಹತ್ತಿದ್ಲು. ಅಯ್ಯಾರು ಮನ್ಯಾಗ ಸುಮ್ಮನ ಉಣ್ಣವರು. ಹೊರಗ ಹೋಗಿ ಊರ ಹುಗ್ಗಿ ಅಷ್ಟೂ ಹೊಟ್ಟ್ಯಾಗ ಇಳಿಸಿಕೊಂಡು ಬರವರು.

"ರೀ, ಇವತ್ತ ಎಲ್ಲೆಲ್ಲಿ ಉಂಡ್ರಿ?"

"ಉಂಡಿಲ್ಲ ರಾಜು. ಪ್ರಸಾದ ತಗೊಂಡೇನಿ."

"ಪ್ರಸಾದದಾಗ ಸಕ್ಕರಿ ಇರೂದಿಲ್ಲೇನು?"

"ಶಿವಗ ಮುಟ್ಟಿದ್ದು ಶರೀರಕ್ಕ ಹತ್ತೂದಿಲ್ಲ, ಬಿಡ."

"ಹತ್ತೂದಿಲ್ಲಾ? ಹಂಗಾರ ಬೆರಳು ಎಲ್ಲಿ ಹೋತ್ರಿ? ಕೈಲಾಸದಾಗ ಜಾಗಾ ಹಿಡ್ಯಾಕ ಮುಂದ ಹೋಗೇತೇನು?"

ಅಯ್ಯಾರು ಹೊಟ್ಟಿ ಕುಣಿಸಿ ನಗವರು. ಅವರ ನಗಿ ನೋಡಿ ಆಕೀಗೂ ನಗು ಬರೂದು. ಒಳಗ ಹೋಗಿ ಸೆರಗಿನಿಂದ ಕಣ್ಣ ಒರಸಿಕೊಳ್ಳಾಕಿ.

ಎಲ್ಲಾರಿಗಿಂತ ದೊಡ್ಡ ಕಾಟ ಸಾವಿತ್ರೆವ್ವಂದು. ತೀರಿಕೊಂಡ ವೀರಪ್ಪ ಸಾಹುಕಾರನ ಹೆಂಡ್ತಿ, ಹಿರೇಜೀವ, ಅಯ್ಯಾರು ಅಂದ್ರ ಆಕಿಗೆ ಮಗನೂ ಅವರ, ದೇವರೂ ಅವರ. ಬ್ಯಾನಿ ಸುದ್ದಿ ಕೇಳಿದ ದಿನದಿಂದ ಆಕಿ ಮನ್ಯಾಗ ಅಯ್ಯಾರ ಸಲುವಾಗಿ ಬ್ಯಾರೆ ಹೂರಣ ಕುದ್ಯಾಕ ಹತ್ತಿತ್ತು. "ಸಕ್ಕರಿ ಮುಟ್ಟಿಲ್ಲರಿ ಅಮ್ಮಾರ! ನಮ್ಮ ಗಾಣದ ಬೆಲ್ಲ. ಬೆಲ್ಲ ಸಕ್ಕರಿ ಬ್ಯಾನಿಗೆ ಏನೂ ಮಾಡೂದಿಲ್ಲ, ಔಷಧ ಅದು," ಅಂತ ಕಬ್ಬಿನ ಸೀಮ್ಯಾಗ ಹುಟ್ಟಿದಾಕಿ ರಾಜೇಶ್ವರಿಗೆ ಹೇಳಿದ್ರ ಯಾರು ಎದರಾಡಬೇಕು? ಊಟಾ ಆದ ಮ್ಯಾಲೆ ಕೈಯಾಗ ಒಂದ ದೊಡ್ಡ ಹೆಂಟಿ ಬೆಲ್ಲ ಬ್ಯಾರೆ. ಪ್ರೀತಿಗೆ ಕಣ್ಣಿಲ್ಲ ಅಂತಾರಲ್ರಿ, ಅದಕ್ಕ ಬುದ್ಧೀನೂ ಇಲ್ಲ.

ಶ್ರಾವಣದ ಮೊದಲನೇ ಸೋಮವಾರ ಅಯ್ಯಾರು ಲಗೂನ ಮನಿಗೆ ಬಂದ್ರು. ನಗಲಿಲ್ಲ, ಗ್ವಾಡಿಗೆ ಆನಕೊಂಡು ಕುಂತ್ರು. ರಾಜೇಶ್ವರಿ ಕೆದರಿ ಕೆದರಿ ಕೇಳಿದ ಮ್ಯಾಲೆ ಬಾಯಿ ಬಿಟ್ರು. ಒಂದ ಮನ್ಯಾಗ ಹೊಸಾ ಸೊಸಿ ಪಾದ ತೊಳ್ಯಾಕ ಕುಂತಿದ್ಲಂತ. ಪಟ್ಟಿ ಒಳಗಿಂದ ಕೀವಿನ ವಾಸನಿ ಬಂತು. ಆ ಹುಡಿಗಿ ಸೆರಗು ಮೂಗಿಗೆ ಹಿಡಕೊಂಡು, ಎಡಗಾಲಿಗಷ್ಟ ನೀರು ಹಾಕಿ, ಎಡಗಾಲಿಗಷ್ಟ ಹೂ ಏರಿಸಿ ಎದ್ದು ಹೋತಂತ.

"ಹುಡಿಗೀದು ತಪ್ಪಿಲ್ಲ," ಅಂದ್ರು ಅಯ್ಯಾರು. "ನನಗ ನನ್ನ ಕಾಲು ಹೇಸಿಗಿ ಆತು ರಾಜು. ಇನ್ನ ಮುಂದ ನೀ ಹೆಂಗ ಹೇಳ್ತಿ ಹಂಗ."

ರಾಜೇಶ್ವರಿ ಮರುದಿನಾ ಮುಂಜಾನೆ ಎದ್ದಾಕಿನ ಮನಿ ಮನಿ ಹತ್ತಿದ್ಲು. ಅಯ್ಯಾರು ಬಂದ್ರ ಪಚಡಿ, ಕಾಳಪಲ್ಲೆ, ಒಂದ ವಾಟಗಾ ಮಜ್ಜಿಗಿ, ಅಷ್ಟ. ಹುಗ್ಗಿ ಇಲ್ಲ, ಹೋಳಿಗಿ ಇಲ್ಲ, ಅನ್ನ ಇಲ್ಲ. "ಅಯ್ಯಾರಿಗೆ ಹಸಿ ತಪ್ಪಲಾ ಬಡಿಸಿ ನಾವು ಹುಗ್ಗಿ ಉಣ್ಣೂದೇನ್ರಿ ಅಮ್ಮಾರ? ಹುಳಾ ಬಿದ್ದು ಸಾಯ್ತೇವು!" ಅಂತ ಮಂದಿ ಗದ್ದಾ ಹಿಡಕೊಂಡ್ರು. ಆಕಿ ಜಗಳಾ ಮಾಡಿದ್ಲು, ಅತ್ಲು, ಕಡೀಕ ಅವರ ಕಾಲ ಹಿಡ್ಯಾಕ ಹ್ವಾದ್ಲು. ಜಂಗಮರ ಮನಿ ಅಮ್ಮಾರು ಭಕ್ತರ ಕಾಲ ಹಿಡೀತಾರಂದ್ರ ಯಾರು ತಡಕೋತಾರ? ಎಲ್ಲಾರೂ ಒಪ್ಪಿದ್ರು.

ಸಾವಿತ್ರೆವ್ವನ ಮ್ಯಾಲೆ ಮಾತ್ರ ಆಕಿಗೆ ಭರೋಸಾ ಇರಲಿಲ್ಲ. "ಬಾಯಿಲೆ ಹೇಳಿದ್ರ ನಡ್ಯೂದಿಲ್ಲ. ಕೊಳ್ಳಾಗಿನ ಲಿಂಗ ಹಿಡದು ಆಣಿ ಮಾಡ್ರಿ," ಅಂದ್ಲು.

"ಇಷ್ಟಕ್ಕ ಲಿಂಗ ಮುಟ್ಟಸ್ತೀರೇನ್ರಿ ಅಮ್ಮಾರ?"

"ಅವರ ಕಾಲ ಉಳೀಬೇಕಂದ್ರ ಮುಟ್ರಿ. ಬೆಲ್ಲ ಅಲ್ಲ, ಬೆಲ್ಲದ ವಾಸನಿ ಸುದ್ದಾ ಅವರಿಗೆ ಬಡೀಬಾರ್ದು. ಅವರಿಗೆ ಬಾಯಿ ಚಪಲ ಭಾಳ. ಬೇಡ್ತಾರ, ರಮಿಸ್ತಾರ. ಕೈ ಮುಗದು ಬೇಡಿದ್ರೂ ಕೊಡಬ್ಯಾಡ್ರಿ."

ಸಾವಿತ್ರೆವ್ವ ಲಿಂಗ ಕೈಯಾಗ ಹಿಡಕೊಂಡು ಕಣ್ಣು ಮುಚ್ಚಿ ಆಣಿ ಮಾಡಿದ್ಲು. ಅಂಥಾ ಹೆಂಗಸು ಪ್ರಾಣ ಬಿಟ್ಟಾಳು, ಲಿಂಗದ ಆಣಿ ಬಿಡಾಕಿ ಅಲ್ಲ. ರಾಜೇಶ್ವರಿ ಹಗರ ಮನಸಿನಿಂದ ಮನಿಗೆ ಬಂದ್ಲು.

ಪಥ್ಯ ಹತ್ತಿತು ನೋಡ್ರಿ! ಕೀವು ನಿಂತಿತು, ಗಾಯದ ಸುತ್ತ ಗುಲಾಬಿ ಚರ್ಮ ಬಂತು. ಬೆರಳು ಚುಚ್ಚಿ ನೋಡೂ ಸಣ್ಣ ಮಿಷೀನದಾಗ ಸಕ್ಕರಿ ಇಳಿಕೋತ ಬಂತು. ಆಕಿ ಆ ಮಿಷೀನ ಹಿಡಕೊಂಡು ಓಣಿಗೆಲ್ಲಾ ತೋರಿಸಿ ಬಂದ್ಲು. ಅಯ್ಯಾರ ಹೊಟ್ಟಿ ಕರಗಿತು, ಮಾರಿ ಸಣ್ಣದಾತು. ಸವದತ್ತಿ ಕಡೆ ಭಕ್ತರು ಬಂದವರು "ಅಯ್ಯಾರು ಮದಿವಿ ಗಂಡ ಆಗ್ಯಾರಲ್ರಿ" ಅಂತ ಚ್ಯಾಷ್ಟಿ ಮಾಡಿದ್ರ ಆಕಿ ನಾಚಿಕೊಂಡ್ಲು.

ನಡುವ ಒಂದಿನಾ ಅಯ್ಯಾರು ಅಂದಿದ್ರು. "ರಾಜು, ಮಧ್ಯಾಹ್ನ ಆತಂದ್ರ ಕೈ ನಡಗತಾವ ನೋಡು. ಬೆವರ ಕಿತ್ತ ಬರತೈತಿ. ಗುಳಿಗಿ ಜೋರ ಆಗ್ಯಾವೋ ಏನೋ, ಬೈಲಹೊಂಗಲಕ್ಕ ಹೋಗಿ ಬರೂಣೇನು?"

"ಜಲ್ಮೆಲ್ಲಾ ಸಿಹಿ ತಿಂದ ಮೈ ಅದು, ಹಠಾ ಮಾಡತೈತಿ," ಅಂದ್ಲು ರಾಜೇಶ್ವರಿ. "ಶೆರೆ ಕುಡ್ಯೂದ ಬಿಟ್ಟವರಿಗೂ ಹಿಂಗ ಕೈ ನಡಗತಾವಂತ. ಶ್ರಾವಣ ಮುಗೀಲಿ, ಗಾಯ ಪೂರ್ತಿ ಮಾಯ್ಲಿ. ಹೋಗಿ ಪಾದ ತೋರಿಸಿದ್ರ ಆ ಡಾಕ್ಟರಬಾಯಿ ಕಣ್ಣ ಕಣ್ಣ ಬಿಡಬೇಕು."

ಅಷ್ಟ ಆಕಿ ಆಸೆ. ಒಂದ ಸಲ ಆ ಡಾಕ್ಟರಬಾಯಿ ಬಾಯಿಲೆ ಶಾಬ್ಬಾಸ್ ಅನ್ನಿಸಿಕೊಳ್ಳೂದು. ಇದೇನ ದೊಡ್ಡ ಪಾಪ ಏನ್ರಿ? ಯಾವ ಹೆಂಡ್ತಿ ಮಾಡದಿದ್ದ ಪಾಪ?

ಕಡೀ ಸೋಮವಾರ ಮುಂಜಾನೆ ಆಕಿ ತನ್ನ ಕೈಯಾರೆ ಗುಳಿಗಿ ಕೊಟ್ಲು, ಮಜ್ಜಿಗಿ ಕೊಟ್ಲು. ಅಯ್ಯಾರು ಕಾವಿ ಉಟ್ಟು, ವಿಭೂತಿ ಧರಿಸಿ, ಬಲಗಾಲಿನ ಪಟ್ಟಿ ಬಿಚ್ಚಿ ಬರಿಗಾಲಿಲೆ ಹೊಂಟ್ರು. ಇವತ್ತ ಎರಡೂ ಪಾದ ತೊಳಿಸಿಕೊಂಡು ಬರತೇನಿ ಅಂದ್ರು. ಊರ ಮಂದಿ ಮಾತಿಗೆ ತಪ್ಪಲಿಲ್ಲ. ಒಂದ ಮನ್ಯಾಗ ಎರಡ ಹೋಳು ಸೌತಿಕಾಯಿ, ಇನ್ನೊಂದ ಮನ್ಯಾಗ ಬೊಗಸಿ ಮೊಳಕಿಕಾಳು. ಪೂಜಿ ಮಾತ್ರ ಎಲ್ಲಾ ಕಡೆ ಮೊದಲಿನಷ್ಟ ಉದ್ದ. ಸಾವಿತ್ರೆವ್ವನ ಮನಿ ಮುಟ್ಟೂದ್ರಾಗ ಹೊತ್ತು ವಾಲಿತ್ತು.

ಸಾವಿತ್ರೆವ್ವನ ಮಗ ಕಲ್ಮೇಶ ಫೋನ್ ಮಾಡಿದಾಗ ರಾಜೇಶ್ವರಿ ಸಂಜಿಗೆ ಪಚಡಿ ಹೆಚ್ಚಾಕ ಹತ್ತಿದ್ಲು. "ಅಮ್ಮಾರ, ಅಯ್ಯಾರು ಪೂಜಿಗೆ ಕುಂತವರು ಒಮ್ಮೆಲೆ ವಾಲಿಬಿಟ್ರು. ಮಾತಾಡವಲ್ಲರು. ಕಿತ್ತೂರಿಗೆ ಕರಕೊಂಡ ಹೊಂಟೇನಿ, ನಿಮ್ಮ ಬಾಗಿಲಿಗೆ ಗಾಡಿ ತರತೇನಿ, ನಿಂದರ್ರಿ." ಗಾಡ್ಯಾಗ ಗಂಡನ ತಲಿ ತೊಡಿ ಮ್ಯಾಲೆ ಇಟ್ಟುಕೊಂಡ್ಲು. ಅಂಗಿ ಹಿಂಡಿದ್ರ ನೀರು ಬರೂವಷ್ಟು ಬೆವತಿದ್ರು. ಮೈ ತಣ್ಣಗಿತ್ತು. ಕಲ್ಮೇಶ ಗಾಡಿ ಓಡಿಸಿಕೋತ ಅಳಕೋತ ಹೇಳಿದ. ಅಯ್ಯಾರು ಕಣ್ಣು ಮುಚ್ಚಿ ಭಾಳ ಹೊತ್ತು ಕುಂತಿದ್ರಂತ. ಧ್ಯಾನ ಹತ್ತೇತಿ ಅಂತ ಇವರೆಲ್ಲಾ ಕೈ ಮುಗದು, ಉಪಾಸ ಕೂಸುಗಳ ಬಾಯಿ ಮುಚ್ಚಿ ಕಾಯಕೋತ ನಿಂತಿದ್ರಂತ. ಪೂಜ್ಯಾಗ ಕುಂತ ಅಯ್ಯಾರನ್ನ ಯಾರು ಮುಟ್ಟಬೇಕು?

ಕಿತ್ತೂರ ದವಾಖಾನಿ ಡಾಕ್ಟರು ನಾಡಿ ನೋಡಿದ್ರು, ಬೆರಳು ಚುಚ್ಚಿ ನೋಡಿದ್ರು, ಸೂಜಿ ಹಾಕಿ ಎದಿ ಒತ್ತಿ ಒತ್ತಿ ಸಾಕಾದ್ರು. ಆಮ್ಯಾಲೆ ರಾಜೇಶ್ವರಿ ಕಡೆ ತಿರುಗಿದ್ರು.

"ಸಕ್ಕರಿ ತಳಾ ಕಂಡೇತ್ರಿ ಅಮ್ಮಾ. ಊಟಾ ಇಷ್ಟ ಬಿಡಿಸಿದವರು ಗುಳಿಗಿ ಮೊದಲಿನಷ್ಟ ಕೊಟ್ಟೀರೇನು? ಬೆವತಾಗ, ಕೈ ನಡಗಿದಾಗ ಯಾರರ ಒಂದ ಚೂರು ಸಿಹಿ ಬಾಯಾಗ ಹಾಕಿದ್ರ ಈ ಜೀವ ಉಳೀತಿತ್ತಲ್ರಿ."

ಆಕಿಗೆ ಡಾಕ್ಟರಬಾಯಿ ಮಾತು ಆಗ ಕೇಳಿಸಿತು. ಲಗೂನ ಬಂದು ತೋರಸ್ರಿ ಅಂದಿದ್ಲು, ಬಾಗಿಲ ತನಕ ಬಂದಿದ್ದ ತನ್ನನ್ನ ಹಿಂದಿನಿಂದ ಕರದು ಹೇಳಿದ್ಲು. ಅಯ್ಯೋ ಶಿವನ, ಕೊಂದಾಕಿ ನಾನ ಅಂತ ಆಕಿಗೆ ತಿಳೀತು.

ಮರುದಿನಾ ಅಯ್ಯಾರನ್ನ ಕಟ್ಟಿ ಮ್ಯಾಲೆ ಕುಂದರಿಸಿ, ಹೂವು ಏರಿಸಿ, ಭಜನಿ ಹಚ್ಚಿದ್ರು. ಸುತ್ತಲ ಊರೆಲ್ಲಾ ನೆರೀತು. ಒಬ್ಬರ ಬಾಯಾಗೂ ದುಃಖದ ಮಾತಿಲ್ಲ, ಎಲ್ಲಾರೂ ಕೊಂಡಾಡವರ. ಶ್ರಾವಣ ಸೋಮವಾರ, ಅಂಗೈಯಾಗ ಲಿಂಗ, ಕುಂತ ಕುಂತಲ್ಲೆ ಲಿಂಗೈಕ್ಯ! ಇಂಥಾ ಸಾವು ಯಾರಿಗೆ ಬರತೈತ್ರಿ, ಎಷ್ಟ ಜಲ್ಮದ ಪುಣ್ಯಾರಿ ಅಮ್ಮಾರ ಅಂತ ಬಂದವರು ಬಂದಂಗ ಆಕಿಗೆ ಕೈ ಮುಗದ್ರು. ಅಯ್ಯಾರ ಪಾದಕ್ಕ ಹಣಿ ಹಚ್ಚಿದ್ರು, ಎರಡೂ ಪಾದಕ್ಕ.  ಡಾಕ್ಟರು ಹೇಳಿದ್ದನ್ನ ರಾಜೇಶ್ವರಿ ಯಾರ ಮುಂದೂ ಆಡಿರಲಿಲ್ಲ. ಆಡಿದ್ರ ಯಾರು ನಂಬತಿದ್ರು?

ಸಾವಿತ್ರೆವ್ವ ಮಂದಿ ಸರಿಸಿಕೋತ ಬಂದು ಆಕಿ ಬಾಜೂಕ ಕುಂತ್ಲು. ಅತ್ತು ಅತ್ತು ಮುದುಕಿ ಕಣ್ಣು ಬಾತಿದ್ವು. ರಾಜೇಶ್ವರಿ ಕೈ ಹಿಡಕೊಂಡು ಕಿವಿ ಹತ್ರ ಬಗ್ಗಿದ್ಲು.

"ಅಮ್ಮಾರ, ನಿಮಗ ಒಂದ ಸಮಾಧಾನದ ಮಾತ ಹೇಳ್ತೇನಿ, ಕೇಳ್ರಿ. ನಿಮ್ಮ ಮಾತು ನಾ ಕಡೀತನಕ ಮೀರಲಿಲ್ಲ. ಅಯ್ಯಾರು ಬಂದವರ, 'ಎವ್ವಾ, ಕಣ್ಣಿಗೆ ಕತ್ತಲ ಬರತೈತಿ, ಒಂದ ಚೂರು ಬೆಲ್ಲ ಕೊಡು' ಅಂದ್ರು. ನಾ ನಕ್ಕಬಿಟ್ಟೆ. 'ಲಿಂಗ ಹಿಡದು ಆಣಿ ಮಾಡೇನ್ರಿ, ಕೊಡೂದಿಲ್ಲ' ಅಂದೆ. ಮತ್ತ ಬೇಡಿದ್ರು. ಕೈ ಮುಗದ್ರರೀ, ಜಂಗಮರು ನನಗ ಕೈ ಮುಗದ್ರು! ಅಂದ್ರೂ ಕೊಡಲಿಲ್ಲ. ಆಮ್ಯಾಲೆ ಅವರ ನಕ್ರು. 'ಆತ ಬಿಡವಾ, ತಿಂದ್ರ ರಾಜು ಬೈತಾಳ' ಅಂದು ಪೂಜಿಗೆ ಕುಂತ್ರು. ಪಥ್ಯ ಮುರೀದನ ಹೋದ್ರು ನೋಡ್ರಿ, ನಿಮ್ಮ ಮಾತು ಉಳಿಸಿ ಹೋದ್ರು."

ರಾಜೇಶ್ವರಿ ಮುದುಕಿ ಮಾರಿ ನೋಡಿದ್ಲು. ಬಾತ ಕಣ್ಣಾಗ ಒಂದ ಹೊಗಳಿಕಿ ಮಾತಿಗೆ ಕಾಯೂ ಆಸೆ ಇತ್ತು. ಡಾಕ್ಟರ ಮಾತು ಹೇಳಿಬಿಡಲೇನು ಅಂತ ತುಟಿ ತನಕ ಬಂತು. ಹೇಳಿದ್ರ ಈ ಮುದುಕಿ ನಾಳಿನ ಹೊತ್ತು ನೋಡೂದಿಲ್ಲ ಅನ್ನಿಸಿತು.

"ಛಲೋ ಮಾಡಿದ್ರಿ ಎವ್ವಾ," ಅಂದ್ಲು. "ನಾ ಹೇಳಿದಂಗ ಮಾಡಿದ್ರಿ."